ಅತ್ತೆಯನ್ನು ಯಾರ ಮನೆಯಲ್ಲಿ ಬರೆಸಿದ್ದೀರಿ?

ಜನಸಂಖ್ಯೆಯ ಪಾಠ ಹೇಳಿ ಸಂಬಳ ಎಣಿಸುತ್ತಿದ್ದವಳು ನಾನು. ಆದರೆ ಆ ವಿದ್ಯೆ ನನಗಿಂತ ಚೆನ್ನಾಗಿ ಬರುತ್ತಿದ್ದದ್ದು ನಮ್ಮ ಅತ್ತೆಗೆ. ಅತ್ತೆ ಎಂದರೆ ಅಪ್ಪನ ಅಕ್ಕ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಟೀಚರು. ಅಪ್ಪ, ಅವ್ವ ಮತ್ತು ನಾನು, ಮೂರೇ ಮಂದಿಯ ಮನೆ. ನನ್ನ ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಆಗಲೂ ಉತ್ತರ ಕೊಡುತ್ತಿರಲಿಲ್ಲ, ಈಗಲೂ ಕೊಡುವುದಿಲ್ಲ.

ಒಂದು ಸಂಜೆ ಉತ್ತರಪತ್ರಿಕೆ ತಿದ್ದುತ್ತಾ ಒಬ್ಬಳೇ ಗೊಣಗಿಕೊಳ್ಳುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಯಾರ ಮ್ಯಾಲವ್ವಾ ಸಿಟ್ಟು, ಟೀಚರಮ್ಮಾ?" ಎಂದು ಕೇಳಿದಳು.

"ಹುಡುಗ್ಯಾರ ಮ್ಯಾಲ. ಒಂದು ಊರಿನ ಜನ ಹೆಂಗ ಹೆಚ್ಚು ಕಡಿಮಿ ಆಗತಾರ ಅಂತ ಕೇಳೀನಿ. ಮಳಿ ಬಂದ್ರ ಹೆಚ್ಚಾಗತಾರ, ಬರದಿದ್ರ ಕಡಿಮಿ ಆಗತಾರ ಅಂತ ಬರದಾಳ ಒಬ್ಬಾಕಿ."

"ಖರೇನ ಬರದಾಳಲ್ಲ. ಮಳಿ ಹೋದ ವರ್ಷ ನಮ್ಮ ಓಣಿ ಅರ್ಧಾ ಮಂದಿ ಗಂಟುಮೂಟಿ ಕಟಗೊಂಡು ಈ ಹೈದ್ರಾಬಾದಿಗೇ ಬಂದ್ರು. ಮಾರ್ಕ್ಸ್ ಕೊಟ್ಟ ಬಿಡು."

"ಪುಸ್ತಕದಾಗ ಹಂಗಿಲ್ಲ ಅತ್ತಿ. ಹುಟ್ಟೋದು, ಸಾಯೋದು, ಒಂದೂರಿಂದ ಇನ್ನೊಂದೂರಿಗೆ ಹೋಗಿ ಬರೋದು. ಈ ಮೂರ ಬರೀಬೇಕು."

ಅತ್ತೆ ಬೆಳ್ಳುಳ್ಳಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಇಷ್ಟು ಹೇಳಾಕ ನಿನಗ ಪಗಾರ ಕೊಡತಾರೇನು?"

ಆ ಹುಡುಗಿಗೆ ಅರ್ಧ ಮಾರ್ಕು ಕೊಟ್ಟೆ. ಅತ್ತೆಯ ಕಾಟಕ್ಕೆ ಕೊಟ್ಟೆ ಎಂದು ಆಗ ಅಂದುಕೊಂಡಿದ್ದೆ.

ನಿಜ ಹೇಳಬೇಕೆಂದರೆ ನಮ್ಮ ಬಳಗದ ಜನನ ಮರಣದ ದಫ್ತರವೆಲ್ಲ ಅತ್ತೆಯ ತಲೆಯಲ್ಲಿತ್ತು. ರಾಯಚೂರು ಕಡೆಯ ನಮ್ಮ ಹಳ್ಳಿಯಿಂದ ಯಾರು ಮೊದಲು ಹೈದರಾಬಾದಿಗೆ ಬಂದರು, ಯಾರನ್ನು ಯಾರು ಕರೆದುತಂದರು, ಯಾರು ಸರಕಾರಿ ನೌಕರಿ ಹಿಡಿದರು, ಯಾರು ಬಟ್ಟೆ ಅಂಗಡಿ ಇಟ್ಟರು, ಯಾವ ಮನೆಯಲ್ಲಿ ಮಕ್ಕಳು ಕನ್ನಡ ಬಿಟ್ಟು ತೆಲುಗಿನಲ್ಲಿ ಜಗಳ ಆಡುತ್ತಾರೆ, ಎಲ್ಲವನ್ನೂ ತಡವರಿಸದೆ ಹೇಳುತ್ತಿದ್ದಳು. ಆದರೆ ತಲೆ ಎಣಿಸುವುದೆಂದರೆ ಅವಳಿಗೆ ಆಗದು. ಮಕ್ಕಳು ಮರಿಗಳನ್ನು ಬೆರಳು ಮಾಡಿ ಎಣಿಸಿದರೆ ದೃಷ್ಟಿ ತಾಕುತ್ತದೆ ಎಂದು ನಮ್ಮ ಕೈಗೆ ಹೊಡೆಯುತ್ತಿದ್ದಳು. ಅವಳು ಎಣಿಸುತ್ತಿದ್ದದ್ದು ರೊಟ್ಟಿಯನ್ನು. "ಅವರ ಮನ್ಯಾಗ ಈಗ ಹನ್ನೆರಡು ರೊಟ್ಟಿ ಐತಿ" ಎಂದರೆ ದೊಡ್ಡ ಮಗ ಬೇರೆ ಹೋಗಿದ್ದಾನೆ ಎಂದು ಅರ್ಥ. "ಇಪ್ಪತ್ತಾತು ನೋಡು" ಎಂದರೆ ಸೊಸೆ ಬಂದಿದ್ದಾಳೆ, ಜೊತೆಗೆ ಸೊಸೆಯ ತಮ್ಮನೂ ಕಾಲೇಜಿಗೆಂದು ಬಂದು ಕೂತಿದ್ದಾನೆ. ನಾನು ತರಗತಿಯಲ್ಲಿ ಒಂದು ವಾರ ಹೇಳುವುದನ್ನು ಅವಳು ಒಂದು ಬುಟ್ಟಿ ರೊಟ್ಟಿಯಲ್ಲಿ ಮುಗಿಸುತ್ತಿದ್ದಳು.

ನಮ್ಮ ಮನೆಗೆ ದಿನಕ್ಕೆ ಒಂಬತ್ತು ರೊಟ್ಟಿ. ಅಪ್ಪನಿಗೆ ನಾಲ್ಕು, ಅವ್ವನಿಗೆ ಎರಡು, ನನಗೆ ಮೂರು. ಬಡಿಯುತ್ತಿದ್ದವಳು ಅತ್ತೆ. ತನ್ನ ಪಾಲನ್ನು ಅವಳು ಆ ಲೆಕ್ಕದಲ್ಲಿ ಹಿಡಿಯುತ್ತಿರಲಿಲ್ಲ. ಕೊನೆಗೆ ಉಳಿದ ಹಿಟ್ಟಿನಲ್ಲಿ ಒಂದು ಸಣ್ಣದು, ಹೊತ್ತಿದ್ದೋ ಹರಿದದ್ದೋ, ತಟ್ಟಿಕೊಂಡು ತಿನ್ನುತ್ತಿದ್ದಳು. ಕೇಳಿದರೆ, "ನಂದೇನೈತಿ ಬಿಡವ್ವಾ, ಆಗತದ" ಎನ್ನುತ್ತಿದ್ದಳು. ಅವಳನ್ನು ಬಿಟ್ಟು ಎಣಿಸುವುದನ್ನು ನಾವು ಕಲಿತದ್ದೂ ಅವಳಿಂದಲೇ ಇರಬೇಕು.

ಅತ್ತೆಗೆ ಮೂವರು ತಮ್ಮಂದಿರು. ದೊಡ್ಡವನು ನನ್ನಪ್ಪ. ನಡುವಿನ ಕಾಕಾ ಮಿಯಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಸಣ್ಣ ಕಾಕಾ ಲಿಂಗಂಪಲ್ಲಿಯಲ್ಲಿ ಮನೆ ಕಟ್ಟಿದ್ದ. ಮೂರೂ ಮನೆ ಒಂದೇ ಬಸ್ಸಿನ ದಾರಿಯಲ್ಲಿ. ಗಂಡ ತೀರಿಕೊಂಡಾಗ ಅತ್ತೆಗೆ ಇಪ್ಪತ್ತೂ ತುಂಬಿರಲಿಲ್ಲ. ಕೆಲವು ತಿಂಗಳಲ್ಲೇ ಗಂಡನ ಮನೆಯವರು ಅವಳನ್ನು ಒಂದು ಟ್ರಂಕಿನ ಜೊತೆ ತವರಿಗೆ ಕಳಿಸಿಕೊಟ್ಟಿದ್ದರು. ಎಳೆಯ ತಮ್ಮಂದಿರನ್ನು ಎತ್ತಿ ಆಡಿಸಿದವಳು, ಅವರು ಬೇರೆ ಬೇರೆ ಮನೆ ಮಾಡಿದ ಮೇಲೆ ಆ ಮನೆಗಳಲ್ಲಿ ಪಾಳಿಯ ಮೇಲೆ ಇರುತ್ತಿದ್ದಳು. ಯಾರ ಮನೆಯಲ್ಲಿ ಬಾಣಂತನವೋ, ಹಪ್ಪಳ ಸಂಡಿಗೆಯೋ, ಯಾರಿಗೆ ಜ್ವರವೋ, ಅಲ್ಲಿ ಅವಳ ನೀಲಿ ರೆಕ್ಸಿನ್ ಚೀಲ ಇಳಿಯುತ್ತಿತ್ತು. ಅವಳು ಬಂದರೆ ಮೂರೂ ಮನೆಗಳಲ್ಲಿ ಸಂಭ್ರಮ. ಅವಳಿಗಾಗಿ ನಾವು ಜಗಳ ಆಡುತ್ತಿದ್ದೆವು. ಬೇಡವಾದವಳು ಎಂದು ಮಾತ್ರ ಯಾರೂ ಓದಿಕೊಳ್ಳಬಾರದು, ಅದಕ್ಕೆ ಇಷ್ಟು ಹೇಳುತ್ತಿದ್ದೇನೆ.

ಆ ಸಲದ ಜನಗಣತಿಗೆ ನನ್ನನ್ನು ಹಾಕಿದರು. ಶಾಲೆಯ ಟೀಚರುಗಳೆಲ್ಲ ತಲೆ ಚಚ್ಚಿಕೊಂಡರೆ ನಾನು ಒಳಗೊಳಗೇ ಉಬ್ಬಿದೆ. ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದದ್ದನ್ನು ಇನ್ನು ಮನೆಬಾಗಿಲಲ್ಲಿ ನೋಡಬಹುದಲ್ಲ. ನನಗೆ ಸಿಕ್ಕ ಭಾಗದಲ್ಲಿ ನಮ್ಮ ಓಣಿಯೂ ಇತ್ತು. ಕೂಕಟ್‌ಪಲ್ಲಿ ಆಗ ಒಂದು ಕಡೆ ಹಳೆಯ ಊರು, ಇನ್ನೊಂದು ಕಡೆ ದಿನಕ್ಕೊಂದು ಏಳುವ ಅಪಾರ್ಟ್‌ಮೆಂಟು. ಕೆಲವು ತಿಂಗಳ ಹಿಂದೆ ಮನೆಪಟ್ಟಿ ಮಾಡಿದಾಗ ಖಾಲಿಯಿದ್ದ ಫ್ಲಾಟಿನಲ್ಲಿ ಈಗ ಕೃಷ್ಣಾ, ಗುಂಟೂರು ಜಿಲ್ಲೆಯವರು ಉಪ್ಪಿನಕಾಯಿ ಜಾಡಿ ಜೋಡಿಸಿ ಕೂತಿರುತ್ತಿದ್ದರು. ಕಟ್ಟುವ ಮೇಸ್ತ್ರಿಗಳು ಮೆಹಬೂಬ್‌ನಗರದವರು. ನಡುವೆ ನಮ್ಮಂಥ ಕನ್ನಡದ ಮನೆಗಳು, ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಅಡಿಗೆಮನೆಯಲ್ಲಿ ಮಾತ್ರ ಕನ್ನಡ. ಬಿಸಿಲಲ್ಲಿ ಕಾಲು ಬೊಬ್ಬೆಯೆದ್ದರೂ ಆ ಮೂರು ವಾರ ನನಗೆ ಭಾಳ ಸುಖದ ದಿನಗಳು.

ತರಬೇತಿಯಲ್ಲಿ ನಮಗೆ ಒಂದು ಮಾತನ್ನು ಅರೆದು ಕುಡಿಸಿದ್ದರು: ಯಾರೂ ಎರಡು ಕಡೆ ಬರಬಾರದು, ಯಾರೂ ಎಲ್ಲೂ ಬರದೆ ಉಳಿಯಬಾರದು. ಎರಡು ಕಡೆ ಬರುವವರನ್ನು ಹಿಡಿಯುವುದರಲ್ಲಿ ನಾನು ಪೊಲೀಸರಿಗಿಂತ ಚುರುಕಾದೆ. ನಮ್ಮಲ್ಲಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರಲ್ಲ, ತವರಿನವರು "ನಮ್ಮ ಮಗಳು" ಎಂದು ಬರೆಸುತ್ತಾರೆ, ಗಂಡನ ಮನೆಯವರು "ನಮ್ಮ ಸೊಸೆ" ಎಂದು ಬರೆಸುತ್ತಾರೆ. ಇಂಥ ಬಾಣಂತಿಯರನ್ನು ಒಬ್ಬೊಬ್ಬರಾಗಿ ಹಿಡಿದು, ಅವರ ತಾಯಂದಿರ ಜೊತೆ ವಾದ ಮಾಡಿ, ಒಂದು ಕಡೆಯಿಂದ ತೆಗೆದೆ. ನನ್ನ ಹಾಳೆಗಳಲ್ಲಿ ಒಂದು ಚಿತ್ತೂ ಕಾಟೂ ಇರಲಿಲ್ಲ. ಅದನ್ನು ನೋಡಿ ಸುಪರ್ವೈಸರು, ಅವರೊಬ್ಬ ಹಿರಿಯ ಲೆಕ್ಕದ ಮೇಷ್ಟ್ರು, ಮಿಕ್ಕವರಿಗೆಲ್ಲ ತೋರಿಸಿದ್ದರು. ಆ ಜಂಬ ನನಗೆ ಇತ್ತು, ಒಪ್ಪಿಕೊಳ್ಳುತ್ತೇನೆ.

ಅತ್ತೆ ಆ ದಿನಗಳಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಅವ್ವನ ಮೊಣಕಾಲು ನೋವಿಗೆಂದು ಸಂಕ್ರಾಂತಿಗೆ ಬಂದವಳು ಉಳಿದಿದ್ದಳು. ನಾನು ಪಕ್ಕದ ಮನೆಗೆ ಬರೆಯಲು ಹೋದಾಗ ಅವಳೂ ಹಿಂದೆಯೇ ಬಂದು ಜಗಲಿಯಲ್ಲಿ ಕೂತಳು. ಪಕ್ಕದ ಮನೆಯಾಕೆ ತೆಲುಗಿನವರು, ಅತ್ತೆಯ ವಯಸ್ಸಿನವರು. ಎಷ್ಟು ವಯಸ್ಸು, ಎಲ್ಲಿ ಹುಟ್ಟಿದ್ದು, ಈ ಊರಿಗೆ ಯಾಕೆ ಬಂದಿರಿ ಎಂದೆಲ್ಲ ಕೇಳಿ, ಹೆತ್ತ ಮಕ್ಕಳೆಷ್ಟು, ಈಗ ಇರುವವರೆಷ್ಟು ಎಂದು ಕೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಐದು ಎಂದರು, ಇರುವವರು ಮೂರು ಎಂದರು. ಮನೆಗೆ ಬರುವಾಗ ಅತ್ತೆ ಕೇಳಿದಳು, "ಇಲ್ಲದವರನ್ನೂ ಬರೀತೀರೇನು?"

"ಎಷ್ಟು ಹುಟ್ಟಿದ್ವು ಅಂತ ಬರೀಬೇಕು ಅತ್ತಿ. ಮದುವಿ ಆದ ಹೆಂಗಸರಿಗೆಲ್ಲ ಕೇಳಬೇಕು."

"ಎಲ್ಲರಿಗೂ?"

"ಎಲ್ಲರಿಗೂ," ಎಂದೆ. ಮುಂದಿನ ಮನೆಯ ಬಾಗಿಲು ತಟ್ಟುವ ಅವಸರದಲ್ಲಿದ್ದೆ.

ನಮ್ಮ ಮನೆಯ ಹಾಳೆಯನ್ನು ಒಂದು ಭಾನುವಾರಕ್ಕೆ ಇಟ್ಟುಕೊಂಡಿದ್ದೆ. ಅಂದು ಅತ್ತೆ ಬೆಳಿಗ್ಗೆಯೇ ತಲೆ ತೊಳೆದುಕೊಂಡು, ಮಡಚಿಟ್ಟ ಇಳಕಲ್ ಸೀರೆ ಉಟ್ಟು, ಕಂಬಕ್ಕೆ ಒರಗಿ ಕೂತಿದ್ದಳು. ನಾನು ಅಪ್ಪನನ್ನು ಬರೆದೆ, ಅವ್ವನನ್ನು ಬರೆದೆ, ನನ್ನನ್ನು ಬರೆದುಕೊಂಡೆ. ಒಟ್ಟು ಮೂರು ಎಂದು ಬರೆದು ಪೆನ್ನು ಮುಚ್ಚಿದೆ.

"ನನ್ನ ಕೇಳಲಿಲ್ಲಲ್ಲ," ಎಂದಳು ಅತ್ತೆ.

"ನಿನ್ನ ರೇಷನ್ ಕಾರ್ಡು ಸಣ್ಣ ಕಾಕಾನ ಮನ್ಯಾಗ ಐತಿ. ಅಲ್ಲಿ ಬರೀತಾರ. ಎರಡು ಕಡೆ ಬಂದ್ರ ತಪ್ಪಾಗತದ."

"ಕಾರ್ಡು ಅಲ್ಲೈತಿ, ಖರೆ," ಎಂದು ಎದ್ದು ಒಳಗೆ ಹೋಗಿ ಹಳೆಯ ಸೀರೆ ಉಟ್ಟು ಬಂದಳು. ನಾನು ಅದನ್ನು ನೋಡಿದೆ, ನೋಡಿ ಹಾಳೆಯನ್ನು ಕಟ್ಟಿಗೆ ಸೇರಿಸಿದೆ.

ಎಣಿಕೆ ಮುಗಿದ ಮೇಲೆ ಕೆಲವು ದಿನ ಮನೆಗಳಿಗೆ ಮತ್ತೆ ಹೋಗಿ, ಹೊಸದಾಗಿ ಹುಟ್ಟಿದವರು, ತೀರಿಕೊಂಡವರು, ಬಿಟ್ಟುಹೋದವರು ಇದ್ದರೆ ಸರಿಪಡಿಸಬೇಕಿತ್ತು. ಆ ದಿನಗಳಲ್ಲಿ ಅತ್ತೆ ನನ್ನ ಬೆನ್ನು ಹತ್ತಿದಳು. ಲಿಂಗಂಪಲ್ಲಿಯಲ್ಲಿ ಬರೆದರೇನು, ಫೋನು ಮಾಡಿ ಕೇಳಿದಿಯೇನು ಎಂದು ಹೋದಲ್ಲಿ ಬಂದಲ್ಲಿ ಒಂದೇ ಮಾತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಬರದಿರತಾರ ಬಿಡು ಅತ್ತಿ, ತಲಿ ತಿನ್ನಬ್ಯಾಡ. ಬರದಿದ್ರ ನಿನಗ ಯಾರೂ ಅನ್ನ ಹಾಕೂದಿಲ್ಲೇನು?" ಎಂದುಬಿಟ್ಟೆ.

ಮರುದಿನ ಮರುಭೇಟಿಯ ಕೊನೆಯ ದಿನ. ಮಧ್ಯಾಹ್ನ ಮನೆಗೆ ಬಂದರೆ ಅವ್ವ ಒಲೆ ಮುಂದೆ ಒಬ್ಬಳೇ ಕುಂಟುತ್ತಿದ್ದಳು. ತಮ್ಮಂದಿರನ್ನು ನೋಡಿ ಬರುತ್ತೇನೆಂದು ಅತ್ತೆ ಬೆಳಿಗ್ಗೆಯೇ ಹೋದಳಂತೆ. ನೀಲಿ ಚೀಲವೂ ಇರಲಿಲ್ಲ. ಅಷ್ಟರಲ್ಲಿ ಮಿಯಾಪುರದ ಕಾಕಾನ ಫೋನು.

"ಅಕ್ಕ ಅಂಗಡಿಗೆ ಬಂದಿದ್ಲು. ನನ್ನ ಬರಸೀಯೇನೋ ಅಂತ ಕೇಳಿದ್ಲು. ನಾ ಯಾಕ ಬರಸಲಿ, ಅಣ್ಣನ ಮನ್ಯಾಗ ಬರಿಯಾಕೀನ ಅದಾಳ, ಅಲ್ಲೇ ಬರದಿರತಾಳ ಅಂದೆ. ಚಾ ಸೈತ ಕುಡೀಲಿಲ್ಲ. ಏನಾಗೇತಿ ನಿಮ್ಮ ಮನ್ಯಾಗ?"

ಲಿಂಗಂಪಲ್ಲಿಗೆ ಫೋನು ಹಚ್ಚಿದೆ. ಸಣ್ಣ ಕಾಕಾನ ಹೆಂಡತಿ, ನಮ್ಮ ಕಾಕು, ಎತ್ತಿಕೊಂಡಳು. ಅವರ ಮನೆಗೂ ಎಣಿಸುವವರು ಬಂದು ಹೋಗಿ ವಾರ ಎರಡಾಗಿತ್ತು. ಅತ್ತೆ ನಮ್ಮಲ್ಲಿದ್ದಾಳೆ, ಟೀಚರಮ್ಮನ ಕೈಯಲ್ಲೇ ಹಾಳೆ ಇದೆ, ಅವಳು ಬಿಡುತ್ತಾಳೆಯೇ ಎಂದು ಅವರೂ ಬಿಟ್ಟಿದ್ದರು. "ಕೇಳಿದ ಕೂಡಲೇ ಎದ್ದು ಹೋದ್ರವ್ವಾ, ಸ್ಟೇಷನ್ ಕಡೆ ಹೋದಂಗಾತು," ಎಂದಳು ಕಾಕು.

ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಮಿಯಾಪುರ ದಾಟುವವರೆಗೂ ನನಗೆ ನನ್ನ ಮೇಲೆಯೇ ಸಿಟ್ಟು. ಎಂಥ ಲೆಕ್ಕ ಮಾಡಿದೆ ನಾನು? ಎರಡು ಕಡೆ ಬಂದವರನ್ನೆಲ್ಲ ಹೆಕ್ಕಿ ತೆಗೆದಿದ್ದೆ. ಲಿಂಗಂಪಲ್ಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮಲಗುವ ಮನೆಯಿಲ್ಲದವರನ್ನೂ ನಮ್ಮಂಥ ಟೀಚರುಗಳೇ ಟಾರ್ಚು ಹಿಡಿದು ಎಣಿಸಿ ಬಂದಿದ್ದರು. ಮೂರು ಮನೆಯಿದ್ದ ಅತ್ತೆ ಮಾತ್ರ ಯಾರ ಹಾಳೆಯಲ್ಲೂ ಇರಲಿಲ್ಲ.

ಅತ್ತೆ ಎರಡನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಚೀಲ, ಮುಷ್ಟಿಯಲ್ಲಿ ಟಿಕೀಟು. ವಾಡಿ ಕಡೆಯ ಪ್ಯಾಸೆಂಜರಿಗೆ ಇನ್ನೂ ಹೊತ್ತಿತ್ತು.

"ಎಲ್ಲಿಗೆ ಹೊಂಟೀ?" ಎಂದೆ. ಅಳು ಬರುವಂತಿದ್ದರೂ ದನಿ ಗದರುವಂತೆಯೇ ಬಂತು.

"ಊರಿಗೆ. ಅತ್ತೀಮನ್ಯಾಗ ಮೈದುನನ ಮಗ ಇದ್ದಾನಲ್ಲ, ಅಲ್ಲಿ ಬರಸಿ ಬರ್ತೀನಿ."

"ಅಲ್ಲಿ ಮುಟ್ಟೂದರಾಗ ಮುಗೀತದ ಅತ್ತಿ. ಇವತ್ತ ಕಡೀ ದಿನ."

"ಹಂಗೇನು," ಎಂದು ಟಿಕೀಟನ್ನು ನೋಡಿಕೊಂಡಳು. ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಳ್ಳುತ್ತಾ ಹೇಳಿದಳು, "ನಾ ಸಿಟ್ಟಾಗಿಲ್ಲವ್ವಾ. ಒಂದು ಬರಸೂದಿತ್ತು, ಅಷ್ಟ."

ನಾನು ಅವಳ ಕೈಯಿಂದ ಚೀಲ ಕಿತ್ತುಕೊಂಡೆ. "ನಡಿ ಮನಿಗೆ. ತಪ್ಪು ನಂದು. ನೀ ನಮ್ಮ ಮನ್ಯಾಗ ಇರಾಕಿ, ನಮ್ಮ ಮನ್ಯಾಗ ಬರೀತೀನಿ. ಕಾರ್ಡು ಎಲ್ಲಾರ ಇರಲಿ."

"ನಿಮ್ಮ ಮೇಷ್ಟ್ರು ಬೈಯೂದಿಲ್ಲೇನು?"

"ಬೈಲಿ."

ಮನೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದ. ಅಕ್ಕನ ಮುಖ ನೋಡಿ ಚೀಲ ಇಸಿದುಕೊಂಡ. ಅತ್ತೆ ಕೈಕಾಲು ತೊಳೆದುಕೊಂಡು ಒಳಗೆ ಹೋದಳು, ಇಳಕಲ್ ಸೀರೆ ಉಟ್ಟುಕೊಂಡು ಬಂದು ಅದೇ ಕಂಬಕ್ಕೆ ಒರಗಿ ಕೂತಳು. ನಾನು ಹಾಳೆ ಬಿಚ್ಚಿ ಒಟ್ಟು ಮೂರು ಎಂಬುದನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದೆ. ನನ್ನ ಅಷ್ಟೂ ಹಾಳೆಗಳಲ್ಲಿ ಅದೊಂದೇ ಕಾಟು.

"ಚಂದಾನ ಹಾಳಿ ಹೊಲಸು ಮಾಡಿಸಿದ್ನೆಲ್ಲ," ಎಂದಳು.

"ಸುಮ್ಮನ ಕೂಡು ನೀ. ಕೇಳಿದ್ದಕ್ಕ ಅಷ್ಟ ಹೇಳು."

ಮನೆಯ ಯಜಮಾನನಿಗೆ ಏನಾಗಬೇಕು? ಅಕ್ಕ. ವಯಸ್ಸು? ಅವಳು ಎಲ್ಲ ಕಟ್ಟಿಟ್ಟುಕೊಂಡಿದ್ದಳು: ರಜಾಕಾರರ ಗಲಾಟೆಯಲ್ಲಿ ತಾನು ಮೈನೆರೆದು ಒಂದು ವರ್ಷ, ನನ್ನಪ್ಪ ಇನ್ನೂ ತೊಟ್ಟಿಲಲ್ಲಿ. ಅಲ್ಲಿಂದ ಎಣಿಸಿ ಬರೆದೆ. ಹುಟ್ಟಿದ್ದೆಲ್ಲಿ, ಇಲ್ಲಿಗೆ ಬರುವ ಮೊದಲು ಎಲ್ಲಿದ್ದದ್ದು, ಅದನ್ನೂ ಬರೆದೆ. ಇಲ್ಲಿಗೆ ಬಂದ ಕಾರಣ ಎಂಬ ಕಡೆ ಪೆನ್ನು ನಿಂತಿತು. ಕೆಲಸ, ವ್ಯಾಪಾರ, ಓದು, ಮದುವೆ ಎಂದೆಲ್ಲ ಇತ್ತು. ಹೆಂಗಸರದ್ದೆಲ್ಲ ಹೆಚ್ಚಾಗಿ ಮದುವೆಯೇ ಆಗಿರುತ್ತಿತ್ತು. ಅತ್ತೆಯದು ಮದುವೆ ಮುಗಿದುಹೋದದ್ದಕ್ಕೆ ಬಂದದ್ದು. ಅದಕ್ಕೆ ಜಾಗವಿರಲಿಲ್ಲ. ಇತರೆ ಎಂದು ಗುರುತು ಹಾಕಿದೆ.

ಮಕ್ಕಳ ಪ್ರಶ್ನೆ ಬಂದಾಗ ನಾನು ಕೇಳದೆಯೇ ಸೊನ್ನೆ ಬರೆಯಲು ಹೊರಟಿದ್ದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನಲ್ಲ, ಅತ್ತೆಗೆ ಮಕ್ಕಳಿಲ್ಲ. ಅದು ನಮಗೆ ಅವಳ ನೀಲಿ ಚೀಲದಷ್ಟೇ ಗೊತ್ತಿದ್ದ ಸಂಗತಿ.

"ಕೇಳು," ಎಂದಳು ಅತ್ತೆ. "ಎಲ್ಲರಿಗೂ ಕೇಳಬೇಕು ಅಂದೀಯಲ್ಲ."

ಕೇಳಿದೆ. ಹೆತ್ತ ಮಕ್ಕಳು ಎಷ್ಟು?

"ಒಂದು," ಎಂದಳು. "ಹೆಣ್ಣು. ಒಂಬತ್ತು ದಿನ ಇತ್ತು. ತೊಟ್ಟಿಲಿಗೆ ಹಾಕಿದ್ದಿಲ್ಲ, ಹೆಸರು ಇಟ್ಟಿದ್ದಿಲ್ಲ. ನಮ್ಮ ಮನಿಯವರು ಹೋಗಿ ಎರಡು ತಿಂಗಳಿಗೆ ಹುಟ್ಟಿತ್ತು. ಮನ್ಯಾಗ ಸೂತಕದ ಮ್ಯಾಲ ಸೂತಕ, ಅದರ ಮಾತು ಯಾರೂ ಎತ್ತಲಿಲ್ಲ. ಗಂಡನ ಅವ್ವಗ ಗೊತ್ತಿತ್ತು, ಸೂಲಗಿತ್ತಿಗೆ ಗೊತ್ತಿತ್ತು. ಇಬ್ಬರೂ ಹೋದ್ರು."

ಅಪ್ಪ ಬಾಗಿಲಿಗೆ ಒರಗಿ ನಿಂತಿದ್ದವನು ಅಲ್ಲೇ ಹೊಸ್ತಿಲ ಮೇಲೆ ಕೂತ. ಅವನಿಗೂ ಗೊತ್ತಿರಲಿಲ್ಲ. ಅವಳನ್ನು ತವರಿಗೆ ಕಳಿಸಿಕೊಟ್ಟಾಗ ಅವನು ಶಾಲೆಯ ಮೆಟ್ಟಿಲೂ ಹತ್ತಿರಲಿಲ್ಲ. ಅವ್ವ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಕ್ಷರ ವಕ್ರವಾದೀತು ಎಂದು ಎರಡು ಸಲ ಪೆನ್ನು ಎತ್ತಿದೆ. ಗಂಡು ಎಂಬ ಕಡೆ ಸೊನ್ನೆ. ಹೆಣ್ಣು ಎಂಬ ಕಡೆ ಒಂದು. ಈಗ ಇರುವವರು ಎಂಬ ಕಡೆ ಸೊನ್ನೆ.

"ಬರದೇನು?"

"ಬರದೆ ಅತ್ತಿ."

"ಎಲ್ಲಿ, ತೋರಸು."

ತೋರಿಸಿದೆ. ಓದು ಬರದಿದ್ದರೂ ಒಂದು ಎಂಬ ಅಂಕಿ ಅವಳಿಗೆ ಗೊತ್ತಿತ್ತು. ಬಸ್ಸಿನ ನಂಬರಿನಲ್ಲಿ ನೋಡಿ ಕಲಿತಿದ್ದಳು. ಅದರ ಮೇಲೆ ಬೆರಳಿಟ್ಟಳು. ಎಣಿಸುವಾಗ ಬೆರಳು ಮಾಡಬಾರದು ಎಂದು ನಮ್ಮ ಕೈಗೆ ಹೊಡೆಯುತ್ತಿದ್ದವಳು ಅವಳೇ.

"ಇದ್ದಿದ್ರ ನಿನಗಿಂತ ಭಾಳ ದೊಡ್ಡಾಕಿ ಇರ್ತಿದ್ಲು," ಎಂದಳು. "ನಿನಗ ಜಗಳಕ್ಕ ಒಬ್ಬಾಕಿ ಆಗ್ತಿದ್ಲು."

ಜನರ ಬಗ್ಗೆ ಮಕ್ಕಳಿಗೆ ಪಾಠ ಹೇಳುವವಳು ನಾನು. ಇಷ್ಟು ವರ್ಷ ಅವಳ ಕೈಯ ರೊಟ್ಟಿ ತಿಂದು, ಆ ಒಂದು ಮಾತು ಕೇಳುವುದಕ್ಕೆ ನನಗೆ ಸರಕಾರದ ಹಾಳೆ ಬೇಕಾಯಿತು. ಅದನ್ನೂ ಅವಳೇ "ಕೇಳು" ಎಂದು ಕೇಳಿಸಿಕೊಳ್ಳಬೇಕಾಯಿತು.

ಅತ್ತೆ ಎದ್ದು ಒಲೆಯ ಮುಂದೆ ಹೋದಳು. ಹಿಟ್ಟು ನಾದಿಕೊಂಡು ಬಡಿಯತೊಡಗಿದಳು. ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಒಂಬತ್ತಾದ ಮೇಲೂ ಅವಳು ಪೂರ್ತಿ ಅಳತೆಯದೇ ಇನ್ನೆರಡು ಬಡಿದು, ಒಂದನ್ನು ತನ್ನ ತಾಟಿಗೆ ಹಾಕಿಕೊಂಡು, ಇನ್ನೊಂದನ್ನು ಬೇರೆ ತಾಟಿನಲ್ಲಿ ಇಟ್ಟು ಮುಚ್ಚಿದಳು. ಅದು ಯಾರಿಗೆ ಎಂದು ನಾನು ಕೇಳಲಿಲ್ಲ.